ಒಡೆದು ಮತ್ತೆ ಕೂಡಿದ ಮನೆ: ಎಕ್ಕ-ಕಣಗಿಲೆಗಳ ವಂಶಾವಳಿ



ನಿಮ್ಮ ಊರಿನ ರಸ್ತೆಯ ಬದಿಯಲ್ಲೋ ಪಾಳುಬಿದ್ದ ನಿವೇಶನದಲ್ಲೋ ಒಂದು ಎಕ್ಕದ ಗಿಡ ಇದ್ದೇ ಇರುತ್ತದೆ. ರಥಸಪ್ತಮಿಯ ಬೆಳಿಗ್ಗೆ ಅದರ ಎಲೆಗಳನ್ನು ತಲೆ, ಭುಜಗಳ ಮೇಲೆ ಇಟ್ಟುಕೊಂಡು ಸ್ನಾನ ಮಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದೇ ರಸ್ತೆಯಲ್ಲಿ ಇನ್ನು ನಾಲ್ಕು ಹೆಜ್ಜೆ ಮುಂದೆ ಹೋದರೆ ಯಾರದೋ ಕಾಂಪೌಂಡಿನ ಮೇಲಿಂದ ಕಣಗಿಲೆ ಇಣುಕುತ್ತಿರುತ್ತದೆ. ಆ ಮನೆಯ ಮೆಟ್ಟಿಲ ಮೇಲಿನ ಕುಂಡದಲ್ಲಿ ನಿತ್ಯಪುಷ್ಪ. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಇವುಗಳಲ್ಲಿ ಯಾವ ಎರಡು ಹತ್ತಿರದ ನೆಂಟರು ಎಂದು ಕೇಳಿದರೆ ನೀವು ಏನು ಹೇಳುತ್ತೀರಿ?

ಬಹುಮಂದಿಯ ಉತ್ತರ ಕಣಗಿಲೆ ಮತ್ತು ನಿತ್ಯಪುಷ್ಪ ಎಂದೇ. ನಮ್ಮ ಹಿರಿಯರೂ ಹಾಗೆಯೇ ಎಣಿಸಿದ್ದರು. ನಿತ್ಯಪುಷ್ಪಕ್ಕೆ ಕಾಶಿಕಣಗಿಲೆ ಎಂಬ ಇನ್ನೊಂದು ಹೆಸರು ಕೊಟ್ಟವರು ಅವರೇ. ಗುಡಿಯ ಅಂಗಳದಲ್ಲಿ ಬೆಳೆಯುವ ಮರ ದೇವಕಣಗಿಲೆ. ಗಂಟೆಯಾಕಾರದ ಹಳದಿ ಹೂ ಬಿಡುವುದು ಹಳದಿ ಕಣಗಿಲೆ. ಎಲ್ಲವೂ ಕಣಗಿಲೆಗಳೇ, ಎಕ್ಕ ಮಾತ್ರ ಬೇರೆ! ಯುರೋಪಿನ ಸಸ್ಯವಿಜ್ಞಾನಿಗಳು ಬರೆದ ಗ್ರಂಥಗಳಲ್ಲೂ 1810ರಿಂದ 20ನೇ ಶತಮಾನದ ಕೊನೆಯವರೆಗೆ ಇದೇ ವಿಂಗಡಣೆ ನಡೆಯಿತು.

ಆದರೆ ಅದು ಸರಿಯಾದ ಉತ್ತರವಲ್ಲ. ಕಣಗಿಲೆಗೆ ನಿತ್ಯಪುಷ್ಪಕ್ಕಿಂತ, ದೇವಕಣಗಿಲೆಗಿಂತ, ಹಳದಿ ಕಣಗಿಲೆಗಿಂತ ಹತ್ತಿರದ ನೆಂಟ ಎಕ್ಕ. ಈ ಸಂಬಂಧ ಸುಮಾರು 190 ವರ್ಷಗಳ ಕಾಲ ಪುಸ್ತಕಗಳಲ್ಲಿ ಮುಚ್ಚಿಹೋಗಿತ್ತು. ಮುಚ್ಚಿಹೋದದ್ದು ಯಾರದೋ ಅಜಾಗರೂಕತೆಯಿಂದಲ್ಲ. ಸಸ್ಯವಿಜ್ಞಾನ ಕಂಡ ಅತ್ಯಂತ ತೀಕ್ಷ್ಣ ಕಣ್ಣುಗಳ ಒಬ್ಬ ಮನುಷ್ಯ, ಒಂದಿಷ್ಟೂ ತಪ್ಪಿಲ್ಲದ ವೀಕ್ಷಣೆಯಿಂದ, ಈ ಮನೆಯನ್ನು ಎರಡು ಪಾಲು ಮಾಡಿದ. ಸರಿಯಾಗಿ ನೋಡಿಯೂ ತಪ್ಪು ವಿಂಗಡಣೆ ಹೇಗೆ ಸಾಧ್ಯ? ಅದನ್ನು ನೋಡೋಣ.

ಮೊದಲು ಲಿನೇಯಸ್‌ನಿಂದ ಹೊರಡಬೇಕು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ 'ಸ್ಪೀಸೀಸ್ ಪ್ಲಾಂಟಾರಮ್' ಪ್ರಕಟಿಸಿದಾಗ ನಮ್ಮ ಎಕ್ಕ ಅದರಲ್ಲಿ 'ಆಸ್ಕ್ಲಿಪಿಯಸ್ ಜೈಗಾಂಟಿಯ' ಎಂಬ ಹೆಸರಿನಿಂದ ಇತ್ತು. ಆತ ಭಾರತಕ್ಕೆ ಬಂದವನಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥದಲ್ಲಿ 'ಎರಿಕ್ಕು' ಎಂಬ ಮಲಯಾಳಂ ಹೆಸರಿನೊಡನೆ ಎಕ್ಕದ ಚಿತ್ರವಿತ್ತು. ಲಿನೇಯಸ್‌ನಿಗೆ ಅದು ಆಧಾರವಾಯಿತು.

ಲಿನೇಯಸ್‌ನ ವರ್ಗೀಕರಣ ಲೆಕ್ಕದ ವರ್ಗೀಕರಣ. ಹೂವಿನಲ್ಲಿ ಎಷ್ಟು ಕೇಸರ, ಎಷ್ಟು ಶಲಾಕೆ? ಎಣಿಸಿ, ಆಯಾ ಕೋಣೆಗೆ ಹಾಕು. ಕಣಗಿಲೆಯಲ್ಲೂ ಎಕ್ಕದಲ್ಲೂ ಕೇಸರ ಐದೇ. ಶಲಾಕೆಯ ಎಣಿಕೆಯಲ್ಲಿ ಎಕ್ಕ ಎರಡರ ಕೋಣೆಗೂ ಕಣಗಿಲೆ ಒಂದರ ಕೋಣೆಗೂ ಹೋದವು. ಇದು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದಂತೆ. ಹುಡುಕಲು ಸುಲಭ, ಆದರೆ ಪುಸ್ತಕದ ಒಳಗೇನಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಲಿನೇಯಸ್‌ನಿಗೂ ಇದು ಗೊತ್ತಿತ್ತು. ಆದ್ದರಿಂದಲೇ ಆತ ಇನ್ನೊಂದು ಪಟ್ಟಿಯನ್ನೂ ಮಾಡಿಟ್ಟಿದ್ದ. 'ಸಹಜ ಗಣಗಳು' ಎನ್ನಬಹುದಾದ ಆ ಪಟ್ಟಿಯಲ್ಲಿ ಕಣಗಿಲೆ, ದೇವಕಣಗಿಲೆ, ನಂದಿಬಟ್ಟಲು ಮತ್ತು ಎಕ್ಕದ ಬಳಗ ಒಟ್ಟಿಗೇ ಇದ್ದವು. ಗಣದ ಹೆಸರು 'ಕಂಟಾರ್ಟೆ', ಎಂದರೆ ತಿರುಚಿದವು. ನಿತ್ಯಪುಷ್ಪದ ಒಂದು ಮೊಗ್ಗನ್ನು ಕಿತ್ತು ನೋಡಿ, ಮಡಚಿದ ಕೊಡೆಯ ಬಟ್ಟೆಯಂತೆ ದಳಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಕಣಗಿಲೆಯ ಮೊಗ್ಗೂ ಹಾಗೆಯೇ. ಆದರೆ ಸುತ್ತಿನ ದಿಕ್ಕು ಮಾತ್ರ ಉಲ್ಟಾ! ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫ್ರಾನ್ಸಿನ ಮಹಾಕ್ರಾಂತಿಯ ವರ್ಷವಾದ 1789ರಲ್ಲೇ, ಪ್ಯಾರಿಸ್ಸಿನಲ್ಲಿ ಆಂಟ್ವಾನ್ ಲಾರೆಂಟ್ ದ ಜುಸ್ಯು ಎಂಬ ಸಸ್ಯವಿಜ್ಞಾನಿ ಗೊತ್ತಿದ್ದ ಸಸ್ಯಕುಲಗಳನ್ನೆಲ್ಲ 100 ಸಹಜ ಗಣಗಳಾಗಿ ಜೋಡಿಸಿದ. ಇಂದು ನಾವು 'ಕುಟುಂಬ' ಎನ್ನುವುದು ಆ ಗಣಗಳನ್ನೇ. ಒಂದೇ ಲಕ್ಷಣವನ್ನು ಎಣಿಸುವುದಲ್ಲ, ಅನೇಕ ಲಕ್ಷಣಗಳನ್ನು ಒಟ್ಟಾಗಿ ತೂಗಿ ನೋಡುವುದು ಅವನ ಕ್ರಮ. ಹಾಲಿನಂಥ ಸೊನೆ, ಐದು ದಳ ಕೂಡಿದ ಹೂ, ಒಂದು ಹೂವಿನಿಂದ ಜೋಡಿ ಕಾಯಿ, ಎಷ್ಟೋ ಪ್ರಭೇದಗಳಲ್ಲಿ ಬೀಜಕ್ಕೆ ರೇಷ್ಮೆಯಂಥ ಕುಚ್ಚು. ಇಂಥವನ್ನೆಲ್ಲ ಸೇರಿಸಿ ಆತ ಮಾಡಿದ ಕುಟುಂಬವೇ ಅಪೋಸೈನೇಸಿ. ಎಕ್ಕ, ಕಣಗಿಲೆ, ನಿತ್ಯಪುಷ್ಪ ಮೂರೂ ಅದರೊಳಗೆ. ಅವಿಭಕ್ತ ಕುಟುಂಬ!

ಅದು ಅವಿಭಕ್ತವಾಗಿ ಉಳಿದದ್ದು ಕೇವಲ ಇಪ್ಪತ್ತು ವರ್ಷ.

ಪಾಲು ಮಾಡಿದವನು ರಾಬರ್ಟ್ ಬ್ರೌನ್. 1773ರಲ್ಲಿ ಸ್ಕಾಟ್ಲೆಂಡಿನ ಮಾಂಟ್ರೋಸ್‌ನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಸೈನ್ಯದಲ್ಲಿ ಕೆಲಸ ಮಾಡಿ, 1801ರಲ್ಲಿ 'ಇನ್ವೆಸ್ಟಿಗೇಟರ್' ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದವನು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ನಿಲ್ಲದ ಕುಣಿತವನ್ನು ಭೌತವಿಜ್ಞಾನದಲ್ಲಿ 'ಬ್ರೌನಿಯನ್ ಚಲನೆ' ಎಂದು ಓದಿದ್ದೀರಲ್ಲ, ಅದೇ ಬ್ರೌನ್. 1805ರಲ್ಲಿ ಸಾವಿರಾರು ಒಣಗಿಸಿದ ಸಸ್ಯಗಳೊಡನೆ ಲಂಡನ್ನಿಗೆ ಮರಳಿದ ಮೇಲೆ ಆತ ಎಕ್ಕದ ಬಳಗದ ಹೂಗಳ ಹಿಂದೆ ಬಿದ್ದ.

ಈ ಹೂವಿನಲ್ಲಿ ಅಂಥದ್ದೇನಿದೆ? ಎಕ್ಕದ ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಐದು ದಪ್ಪ ದಳಗಳ ನಡುವೆ ಒಂದು ಪುಟ್ಟ ಕಿರೀಟ. ಅದರ ತುದಿಯಲ್ಲಿ ಐದು ಮೂಲೆಯ ಚಪ್ಪಟೆ ಪೀಠ. ಕೇಸರಗಳು ಎಲ್ಲಿ, ಶಲಾಕೆ ಎಲ್ಲಿ ಎಂದು ಹುಡುಕಿದರೆ ಬೇರೆಬೇರೆಯಾಗಿ ಕಾಣುವುದೇ ಇಲ್ಲ, ಎಲ್ಲವೂ ಕೂಡಿ ಒಂದೇ ಕಂಬವಾಗಿಬಿಟ್ಟಿವೆ. ಪೀಠದ ಪ್ರತಿ ಮೂಲೆಯಲ್ಲೂ ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ. ಅದರ ಕೆಳಗೆ ಸಣ್ಣ ಸೀಳು. ಚುಕ್ಕೆಯನ್ನು ಸೂಜಿಯಿಂದ ಮೆಲ್ಲಗೆ ಮೇಲೆತ್ತಿದರೆ ಅದಕ್ಕೆ ನೇತುಬಿದ್ದ ಎರಡು ಹಳದಿ ಚೀಲಗಳು ಹೊರಬರುತ್ತವೆ. ಕಾವಡಿ ಹೊತ್ತವನನ್ನು ನೆನೆಸಿಕೊಳ್ಳಿ. ನಡುವೆ ಆಳು, ಎರಡು ಬದಿಗೆ ಎರಡು ಹೊರೆ, ಥೇಟ್ ಹಾಗೆ. ಈ ಚೀಲ ಒಂದೊಂದರಲ್ಲೂ ನೂರಾರು ಪರಾಗಕಣಗಳು ಮೇಣದ ಉಂಡೆಯಂತೆ ಒತ್ತಾಗಿ ಸೇರಿವೆ. ಇವೇ ಪರಾಗಪುಂಜಗಳು. ಬೇರೆ ಹೂಗಳು ಪರಾಗವನ್ನು ಪುಡಿಯಾಗಿ ಚೆಲ್ಲಿದರೆ ಎಕ್ಕ ಅದನ್ನು ಪೊಟ್ಟಣ ಕಟ್ಟಿ ಕಳಿಸುತ್ತದೆ.

ಕಪ್ಪು ಚುಕ್ಕೆ ಒಂದು ಕ್ಲಿಪ್ಪು. ದೊಡ್ಡ ಕರಿ ದುಂಬಿ ಮಕರಂದಕ್ಕಾಗಿ ಬಂದು ಕುಳಿತಾಗ ಅದರ ಕಾಲೋ ಬಾಯಿಯ ಬಳಿಯ ಕೂದಲೋ ಸೀಳಿನೊಳಗೆ ಜಾರುತ್ತದೆ. ಮೇಲಕ್ಕೆ ಎಳೆದುಕೊಂಡಾಗ ಕ್ಲಿಪ್ಪು ಕಚ್ಚಿಕೊಂಡು ಕಾವಡಿಯೇ ಕಿತ್ತು ಬರುತ್ತದೆ. ಮುಂದಿನ ಹೂವಿನಲ್ಲಿ ಆ ಚೀಲ ಮತ್ತೊಂದು ಸೀಳಿನಲ್ಲಿ ಸಿಕ್ಕಿ ಉಳಿಯುತ್ತದೆ. ಎಳೆದುಕೊಳ್ಳಲು ಬಲವಿಲ್ಲದ ಸಣ್ಣ ಕೀಟಗಳು ಇಂಥ ಹೂಗಳಲ್ಲಿ ಸಿಕ್ಕಿಕೊಂಡು ಸಾಯುವುದೂ ಉಂಟು. ಹೂವಿನ ಲೋಕದಲ್ಲಿ ಪರಾಗವನ್ನು ಹೀಗೆ ಪೊಟ್ಟಣ ಕಟ್ಟುವ ಇನ್ನೊಂದು ದೊಡ್ಡ ಬಳಗ ಎಂದರೆ ಆರ್ಕಿಡ್‌ಗಳು ಮಾತ್ರ. ಎಕ್ಕಕ್ಕೂ ಆರ್ಕಿಡ್‌ಗೂ ಯಾವ ಹತ್ತಿರದ ನಂಟೂ ಇಲ್ಲ. ಎರಡೂ ಈ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡವು.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಎಕ್ಕದ ಹೂವೇ. ಕಾವಡಿಯನ್ನು ಚೆನ್ನಾಗಿಯೇ ಬಿಡಿಸಿ ತೆಗೆದೆ, ಚಿತ್ರವೂ ಅಂದವಾಗಿ ಬಂತು. ಕೆಳಗೆ 'ಒಂದು ಕೇಸರ, ಎರಡು ಪರಾಗಪುಂಜಗಳೊಡನೆ' ಎಂದು ಬರೆದೆ. ಅದರ ಮೇಲೆ ಕೆಂಪು ಶಾಯಿಯ ಅಡ್ಡಗೀಟು ಬಿತ್ತು. ಕಾವಡಿಯ ಎರಡು ಚೀಲಗಳು ಒಂದೇ ಕೇಸರದವಲ್ಲ! ಒಂದು ಚೀಲ ಎಡಗಡೆಯ ಕೇಸರದ ಬಲಭಾಗದಿಂದ ಬಂದದ್ದು, ಇನ್ನೊಂದು ಬಲಗಡೆಯ ಕೇಸರದ ಎಡಭಾಗದಿಂದ. ಪಕ್ಕದ ಮನೆಗಳವರಿಬ್ಬರು ನಡುಗೋಡೆಯ ಮೇಲೆ ಒಂದೇ ಕೊಕ್ಕೆಗೆ ತಮ್ಮ ತಮ್ಮ ಚೀಲ ನೇತುಹಾಕಿದಂತೆ. ಎಷ್ಟೋ ವರ್ಷಗಳ ನಂತರ, ಈ ವಿಷಯದ ಒಂದು ಕಾರ್ಯಕ್ರಮಕ್ಕೆ ಸಿದ್ಧತೆ ಮಾಡುವಾಗ ನನಗೆ ಸಮಾಧಾನ ಸಿಕ್ಕಿತು. 18ನೇ ಶತಮಾನದ ಘಟಾನುಘಟಿ ಸಸ್ಯವಿಜ್ಞಾನಿಗಳೂ ಈ ಹೂವಿನಲ್ಲಿ ಕೇಸರ ಯಾವುದು, ಶಲಾಕಾಗ್ರದ ಭಾಗ ಯಾವುದು ಎಂದು ಒಬ್ಬರಿಗೊಬ್ಬರು ಒಪ್ಪದೆ ಜಗಳವಾಡಿದ್ದರು.

ಜಗಳ ಬಗೆಹರಿಸಿದ್ದು ಬ್ರೌನ್. ಹೇಗೆ? ಅರಳಿದ ಹೂವನ್ನು ಬಿಟ್ಟು ಮೊಗ್ಗನ್ನು ನೋಡಿ. ಉತ್ತರ ಅಮೆರಿಕದಿಂದ ತಂದು ಯುರೋಪಿನ ತೋಟಗಳಲ್ಲಿ ಬೆಳೆಸುತ್ತಿದ್ದ 'ಆಸ್ಕ್ಲಿಪಿಯಸ್ ಸಿರಿಯಾಕ' ಎಂಬ ಎಕ್ಕದ ನೆಂಟನ ಅತಿ ಎಳೆಯ ಮೊಗ್ಗುಗಳನ್ನು ಆತ ಬಿಡಿಸಿದ. ಅಲ್ಲಿ ಪರಾಗ ಕೇಸರಗಳ ಒಳಗೇ ಹುಟ್ಟುತ್ತಿತ್ತು. ಕ್ಲಿಪ್ಪು ದೂರದಲ್ಲಿ, ಶಲಾಕೆಯ ತಲೆಯ ಮೂಲೆಯಲ್ಲಿ, ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಎರಡೂ ಒಂದಕ್ಕೊಂದು ಅಂಟಿಕೊಳ್ಳುವುದು ಮೊಗ್ಗು ಬಲಿತ ಮೇಲೆ. ಬೆಳೆದ ಹೂವಿನಲ್ಲಿ ಕಾಣುವ ಜೋಡಣೆ ಮೂಲದಲ್ಲಿ ಇರಲೇ ಇಲ್ಲ. ಇಷ್ಟು ಸರಳವಾದ ಉಪಾಯ ಅವನಿಗಿಂತ ಮೊದಲು ಅಷ್ಟು ಮಂದಿಗೆ ಏಕೆ ಹೊಳೆಯಲಿಲ್ಲವೋ!

1809ರ ನವೆಂಬರ್‌ನಲ್ಲಿ ಎಡಿನ್‌ಬರೋದ ವರ್ನೇರಿಯನ್ ಸಂಘದ ಮುಂದೆ ಈ ಪ್ರಬಂಧ ಮಂಡಿತವಾಯಿತು, 1810ರಲ್ಲಿ ಅಚ್ಚಾಯಿತು. ಪರಾಗವನ್ನು ಕ್ಲಿಪ್ಪಿಗೋ ಅದರಂಥ ಇನ್ನೊಂದು ಉಪಕರಣಕ್ಕೋ ಒಪ್ಪಿಸುವ ಗಿಡಗಳನ್ನೆಲ್ಲ ಬ್ರೌನ್ ಜುಸ್ಯುವಿನ ಕುಟುಂಬದಿಂದ ಹೊರತೆಗೆದು ಬೇರೆ ಕುಟುಂಬ ಮಾಡಿದ. ಅದೇ ಆಸ್ಕ್ಲಿಪಿಯಡೇಸಿ. ಆ ಹೆಸರನ್ನು ಜರ್ಮನಿಯ ಬೋರ್ಕ್‌ಹೌಸೆನ್ 1797ರಲ್ಲೇ ಬಳಸಿದ್ದ, ಆದರೆ ಗಟ್ಟಿ ಆಧಾರ ಕೊಟ್ಟವನು ಬ್ರೌನ್. ಎಕ್ಕಕ್ಕೆ 'ಕ್ಯಾಲೊಟ್ರಾಪಿಸ್' ಎಂಬ ಹೊಸ ಕುಲದ ಹೆಸರೂ ಅವನಿಂದಲೇ ಬಂತು. ನಾವು ಶರಬತ್ತಿಗೆ ಬಳಸುವ ಸೊಗದೆ ಬೇರಿನ ಕುಲ 'ಹೆಮಿಡೆಸ್ಮಸ್' ಕೂಡ ಅವನು ಕೊಟ್ಟ ಹೆಸರೇ.

ಈ ಹೂಗಳನ್ನು ಆತ ಮುಂದೆಯೂ ಬಿಡಲಿಲ್ಲ. 1831ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಆರ್ಕಿಡ್ ಮತ್ತು ಎಕ್ಕದ ಬಳಗಗಳ ಪರಾಗಸ್ಪರ್ಶದ ಬಗ್ಗೆ ಓದಿದ ಪ್ರಬಂಧದಲ್ಲಿ, ಮಾತಿನ ನಡುವೆ ಬಂದು ಹೋಗುವ ವಿಷಯದಂತೆ, ಜೀವಕೋಶಗಳ ಒಳಗೆ ತಾನು ಕಂಡ ಒಂದು ದುಂಡನೆಯ ಭಾಗವನ್ನು ವರ್ಣಿಸಿ ಅದಕ್ಕೆ 'ನ್ಯೂಕ್ಲಿಯಸ್' ಎಂದು ಹೆಸರಿಟ್ಟ. ನೀವು ಎಂಟನೇ ತರಗತಿಯಿಂದ ಚಿತ್ರ ಬಿಡಿಸುತ್ತ ಬಂದ ಕೋಶಕೇಂದ್ರ ಹೆಸರು ಪಡೆದದ್ದು ಹೀಗೆ, ಹೂಗಳ ಕುರಿತ ಒಂದು ಪ್ರಬಂಧದ ಒಳಗೆ.

ಇನ್ನು ಬ್ರೌನ್ ಮಾಡಿದ ಪಾಲಿನ ಮಾತು. ಹೊರಗೆ ತೆಗೆದ ಗುಂಪಿಗೆ ಒಂದು ಸ್ಪಷ್ಟ ಗುರುತಿತ್ತು, ಪರಾಗ ಸಾಗಿಸುವ ಉಪಕರಣ. ಉಳಿದ ಗುಂಪಿಗೆ ಏನು ಗುರುತು? ಆ ಉಪಕರಣ ಇಲ್ಲದಿರುವುದು. ಅಷ್ಟೇ! ಇಲ್ಲದಿರುವುದೇ ಒಂದು ಸಂಬಂಧವಾಗಬಲ್ಲದೇ?

ಒಂದು ಮನೆತನದ ಉದಾಹರಣೆ ತೆಗೆದುಕೊಳ್ಳಿ. ಒಬ್ಬ ಅಜ್ಜ, ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನ ಮಗ ನಿತ್ಯಪುಷ್ಪ. ಕಿರಿಯನಿಗೆ ಇಬ್ಬರು ಮಕ್ಕಳು, ಅಣ್ಣ ಕಣಗಿಲೆ, ತಮ್ಮ ಎಕ್ಕ. ಎಕ್ಕ ಪಟ್ಟಣ ಸೇರಿ ಸೂಟುಬೂಟು ಹಾಕಿದ. ಗಣತಿಗೆ ಬಂದ ಗುಮಾಸ್ತರು ಸೂಟು ಹಾಕಿದವನನ್ನು ಬೇರೆ ಪುಟದಲ್ಲಿ ಬರೆದುಕೊಂಡು, ಪಂಚೆಯುಟ್ಟ ಕಣಗಿಲೆ ಮತ್ತು ನಿತ್ಯಪುಷ್ಪರನ್ನು ಒಂದೇ ಕುಟುಂಬವೆಂದು ಬರೆದರು. ಸೂಟು ಸುಳ್ಳಲ್ಲ, ಪಂಚೆಯೂ ಸುಳ್ಳಲ್ಲ. ಆದರೆ ಒಡಹುಟ್ಟಿದ ತಮ್ಮನಿಂದ ಅಣ್ಣನನ್ನು ಅಗಲಿಸಿ ದೊಡ್ಡಪ್ಪನ ಮಗನ ಜೊತೆ ಕೂರಿಸಿದಂತಾಯಿತು. ಪಂಚೆ ಅಜ್ಜನ ಕಾಲದಿಂದಲೂ ಮನೆಯಲ್ಲಿ ಎಲ್ಲರೂ ಉಡುತ್ತಿದ್ದದ್ದು. ಅದರಿಂದ ಯಾರು ಯಾರಿಗೆ ಹತ್ತಿರ ಎಂದು ತಿಳಿಯುವುದಿಲ್ಲ.

ಬ್ರೌನ್‌ನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆತ ಬರೆದದ್ದು 1810ರಲ್ಲಿ, ಡಾರ್ವಿನ್‌ನ ಗ್ರಂಥ ಬಂದದ್ದು 1859ರಲ್ಲಿ. ಬ್ರೌನ್‌ನ ಕಾಲಕ್ಕೆ 'ಕುಟುಂಬ' ಎಂದರೆ ಹೋಲಿಕೆಯ ಗುಂಪು. ವರ್ಗೀಕರಣವೆಂದರೆ ವಂಶಾವಳಿ ಎಂಬ ಮಾತನ್ನು ಬಲವಾಗಿ ಹೇಳಿದವನು ಡಾರ್ವಿನ್. ಆಶ್ಚರ್ಯವಾಗುವುದು ಡಾರ್ವಿನ್ ನಂತರವೂ ಪಾಲು ಹಾಗೆಯೇ ಉಳಿದದ್ದು. ಬೆಂಥಾಮ್ ಮತ್ತು ಹೂಕರ್ ಎರಡೂ ಕುಟುಂಬಗಳನ್ನು ಬೇರೆಯಾಗಿಯೇ ಇಟ್ಟರು. ಹೂಕರನ 'ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ' ಎಂಬ ಏಳು ಸಂಪುಟಗಳ ಗ್ರಂಥವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಕಂಡರೆ ತೆರೆದು ನೋಡಿ. ಮೂರನೆಯ ಸಂಪುಟ ಕೊನೆಗೊಳ್ಳುವುದು ಅಪೋಸೈನೇಸಿಯಿಂದ, ನಾಲ್ಕನೆಯದು ಆರಂಭವಾಗುವುದು ಎಕ್ಕದ ಕುಟುಂಬದಿಂದ. ಅಣ್ಣ-ತಮ್ಮಂದಿರ ನಡುವೆ ಎರಡು ರಟ್ಟುಗಳು!

ಈ ಗೋಡೆಯ ಮೇಲೆ ಕಾಲಾಡಿಸುತ್ತ ಕುಳಿತಿದ್ದ ಒಂದು ಗಿಡ ನಮ್ಮ ಕಡೆಯದೇ. ಮಾಗಳಿ ಬೇರಿನ ಉಪ್ಪಿನಕಾಯಿ ತಿಂದವರಿಗೆ ಅದರ ಪರಿಮಳ ಗೊತ್ತು. ತಿಗಣೆ ವಾಸನೆ ಎಂದು ಮೂಗು ಮುಚ್ಚುವವರೂ ಇದ್ದಾರೆ, ನಾನು ಮಾತ್ರ ಆ ಪಕ್ಷದವನಲ್ಲ. ವೆನಿಲ್ಲಾದ ಪರಿಮಳಕ್ಕೆ ಕಾರಣವಾದ ರಾಸಾಯನಿಕದಲ್ಲಿರುವ ಪರಮಾಣುಗಳೇ ಬೇರೆ ರೀತಿಯಲ್ಲಿ ಜೋಡಣೆಯಾದರೆ ಮಾಗಳಿಯ ಪರಿಮಳ. ಸೊಗದೆ ಬೇರಿನಲ್ಲಿರುವುದೂ ಅದೇ ವಸ್ತು. ಈ ಮಾಗಳಿಗೆ 'ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ' ಎಂದು ಶಾಸ್ತ್ರೀಯ ಹೆಸರು ಕೊಟ್ಟವರು ರಾಬರ್ಟ್ ವೈಟ್ ಮತ್ತು ಆರ್ನಾಟ್, 1834ರಲ್ಲಿ. ವೈಟ್ ಮದರಾಸು ಪ್ರಾಂತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಆತನಿಗಾಗಿ ಸಾವಿರಾರು ಸಸ್ಯಚಿತ್ರಗಳನ್ನು ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ಇಬ್ಬರು ಕಲಾವಿದರು.

ಮಾಗಳಿ, ಸೊಗದೆಗಳ ಬಳಗದಲ್ಲಿ ಕ್ಲಿಪ್ಪಿನ ಬದಲು ಒಂದು ಪುಟ್ಟ ಸೌಟು ಇರುತ್ತದೆ, ಅದರ ಬುಡದಲ್ಲಿ ಅಂಟು. ಬಳಗದ ಬಹುಪಾಲು ಗಿಡಗಳಲ್ಲಿ ಪರಾಗಕಣಗಳು ನಾಲ್ಕು ನಾಲ್ಕಾಗಿ ಸೇರಿ ಸೌಟಿಗೆ ಉದುರುತ್ತವೆ, ಕೆಲವಲ್ಲಿ ಪುಂಜವೇ ಆಗುತ್ತವೆ. ಕಣಗಿಲೆಯಂತೆ ಬಿಡಿ ಪುಡಿಯೂ ಅಲ್ಲ, ಎಕ್ಕದಂತೆ ಕಟ್ಟಿದ ಪೊಟ್ಟಣವೂ ಅಲ್ಲ. ಬ್ರೌನ್ ಇವನ್ನು ಎಕ್ಕದ ಕುಟುಂಬದಲ್ಲೇ ಒಂದು ವಿಭಾಗವಾಗಿ ಇಟ್ಟಿದ್ದ. 1905ರಲ್ಲಿ ಜರ್ಮನಿಯ ಷ್ಲೆಕ್ಟರ್ ಇವಕ್ಕೆ ಪೆರಿಪ್ಲೊಕೇಸಿ ಎಂಬ ಮೂರನೆಯ ಕುಟುಂಬವನ್ನೇ ಕೊಟ್ಟ. ಎರಡು ಪಾಲು ಮೂರಾಯಿತು.

ಕಣಗಿಲೆಯ ಹೂವನ್ನೂ ಬಿಡಿಸಿ ನೋಡಿದ್ದರೆ ಅನುಮಾನ ಬರಬೇಕಿತ್ತು. ಒಂಟಿ ಸುತ್ತಿನ ಕಣಗಿಲೆಯನ್ನು ಉದ್ದಕ್ಕೆ ಸೀಳಿ. ಐದು ಕೇಸರಗಳ ಪರಾಗಕೋಶಗಳು ಒಟ್ಟಾಗಿ ಬಾಗಿ, ಶಲಾಕೆಯ ತಲೆಗೆ ಅಂಟಿ, ಶಂಕುವಿನಂತೆ ನಿಂತಿರುತ್ತವೆ. ನಿತ್ಯಪುಷ್ಪದಲ್ಲಿ ಈ ಅಂಟಿಕೊಳ್ಳುವಿಕೆ ಇಲ್ಲ. ಕೇಸರಗಳೂ ಶಲಾಕೆಯೂ ಒಂದಾಗುವ ಎಕ್ಕದ ದಾರಿಯಲ್ಲಿ ಕಣಗಿಲೆ ಒಂದು ಮೆಟ್ಟಿಲು ಹತ್ತಿ ನಿಂತಿದೆ. ಮೊಗ್ಗಿನ ಸುತ್ತಿನ ದಿಕ್ಕು ನೆನಪಿದೆಯೆ? ನಿತ್ಯಪುಷ್ಪ, ನಂದಿಬಟ್ಟಲುಗಳದು ಒಂದು ದಿಕ್ಕು, ಕಣಗಿಲೆಯದು ಇನ್ನೊಂದು. ಅದೂ ಒಂದು ಸುಳಿವೇ ಆಗಿತ್ತು.

ರಸಾಯನವಿಜ್ಞಾನ ಇನ್ನೊಂದು ಸುಳಿವು ಕೊಟ್ಟಿತು. ಕಣಗಿಲೆಯ ಒಲಿಯಾಂಡ್ರಿನ್, ಎಕ್ಕದ ಕ್ಯಾಲೊಟ್ರಾಪಿನ್ ಎರಡೂ ಹೃದಯದ ಬಡಿತವನ್ನೇ ಕೆಡಿಸುವ ಒಂದೇ ಜಾತಿಯ ವಿಷಗಳು. ನಿತ್ಯಪುಷ್ಪ ಮತ್ತು ಸರ್ಪಗಂಧಗಳಲ್ಲಿ ಮುಖ್ಯವಾಗಿ ಇರುವುದು ಇಂಡೋಲ್ ಆಲ್ಕಲಾಯ್ಡ್‌ಗಳೆಂಬ ಬೇರೆಯೇ ವಸ್ತುಗಳು. ರಕ್ತದೊತ್ತಡ ಇಳಿಸುವ ರೆಸರ್ಪಿನ್ 1952ರಲ್ಲಿ ಸರ್ಪಗಂಧದಿಂದ ಬಂತು. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ನಿತ್ಯಪುಷ್ಪದ ಕೊಡುಗೆ. ಹಾಗಾದರೆ ವಿಷವೇ ವಂಶದ ಗುರುತೆನ್ನೋಣವೆ? ಅಲ್ಲೂ ಒಂದು ತೊಡಕು. ಹಳದಿ ಕಣಗಿಲೆ ನಿತ್ಯಪುಷ್ಪದ ಕಡೆಯ ಗಿಡ, ಆದರೂ ಅದರ ಬೀಜದಲ್ಲಿರುವುದು ಹೃದಯದ ವಿಷವೇ. ಚಿಟ್ಟೆಗಳನ್ನು ಕೇಳಿದರೆ? ಮನೆಯ ಕಣಗಿಲೆಯ ಎಲೆ ತಿನ್ನುವ ಕಪ್ಪು-ಕಂದು ಚಿಟ್ಟೆಯ ಹುಳು ಸೊಗದೆ ಬಳ್ಳಿಯನ್ನೂ ಮೇಯುತ್ತದೆ. ಎಕ್ಕವನ್ನು ಮೇಯುವ ಕೇಸರಿ ಬಣ್ಣದ ಹುಲಿಪಟ್ಟೆ ಚಿಟ್ಟೆಯೂ ಅದೇ ಚಿಟ್ಟೆಬಳಗದ್ದು. ಆಹಾ ಎನ್ನುವಷ್ಟರಲ್ಲಿ, ಆ ಮೊದಲಿನ ಹುಳು ಆಲ-ಅತ್ತಿಗಳ ಜಾತಿಯನ್ನೂ ತಿನ್ನುತ್ತದೆ ಎಂದು ತಿಳಿಯುತ್ತದೆ. ಹೀಗೆ ಒಂದೊಂದೇ ಲಕ್ಷಣ ಹಿಡಿದು ಹೊರಟರೆ ಎಲ್ಲಾದರೂ ಒಂದು ಕಡೆ ದಾರಿ ತಪ್ಪುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ಎರಡನ್ನೂ ಕೂಡಿಸಬೇಕು ಎಂದವರು ಇರಲಿಲ್ಲವೆಂದಲ್ಲ. ಅಮೆರಿಕದ ರಾಬರ್ಟ್ ಥಾರ್ನ್ ಕೂಡಿಸಿಯೇ ಬರೆದ. ಅವನ ನಾಡಿನವನೇ ಆದ ಕ್ರಾನ್‌ಕ್ವಿಸ್ಟ್ 1981ರ ಮಹಾಗ್ರಂಥದಲ್ಲಿ ಬೇರೆಯಾಗಿ ಇಟ್ಟ. ತೀರ್ಪು ಪಂಡಿತರ ಅಭಿರುಚಿಗೆ ಬಿಟ್ಟ ವಿಷಯವಾಗಿತ್ತು. ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲಿ ಪ್ರಕಟಿಸಿದ ಗ್ರಂಥ ಒಂದು ಕಟ್ಟುನಿಟ್ಟಾದ ನಿಯಮ ತಂದಿತು: ಗುಂಪು ಎಂದರೆ ಒಬ್ಬ ಪೂರ್ವಜ ಮತ್ತು ಅವನ ಎಲ್ಲ ಸಂತಾನ. ಯಾರನ್ನೂ ಬಿಡುವಂತಿಲ್ಲ. ಹೊಸದಾಗಿ ಬಂದ ಲಕ್ಷಣ ಮಾತ್ರ ನೆಂಟಸ್ತನಕ್ಕೆ ಸಾಕ್ಷಿ, ಹಳೆಯದು ಉಳಿದುಕೊಂಡಿರುವುದು ಸಾಕ್ಷಿಯಲ್ಲ. ಸೂಟು ಸಾಕ್ಷಿ, ಪಂಚೆ ಅಲ್ಲ.

ಆದರೂ ವಂಶಾವಳಿಯ ಕಾಗದಪತ್ರ ಬೇಕಲ್ಲ? ಅದು ಎಲೆಯ ಹಸಿರಿನಲ್ಲೇ ಇತ್ತು. ದ್ಯುತಿಸಂಶ್ಲೇಷಣೆ ನಡೆಯುವ ಕ್ಲೋರೋಪ್ಲಾಸ್ಟಿನ ಒಳಗೆ ತನ್ನದೇ ಆದ ಡಿ.ಎನ್.ಎ. ಇದೆ. ಅದರಲ್ಲಿ 'ಆರ್‌ಬಿಸಿಎಲ್' ಎಂಬ ಜೀನ್, ಸುಮಾರು 1,400 ಅಕ್ಷರಗಳ ಒಂದು ವಾಕ್ಯ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವದ ಒಂದು ಭಾಗಕ್ಕೆ ಅದೇ ನಕ್ಷೆ. ಹಸಿರು ಗಿಡಗಳೆಲ್ಲಕ್ಕೂ ಅದು ಬೇಕೇ ಬೇಕು, ಆದ್ದರಿಂದ ಬದಲಾವಣೆ ನಿಧಾನ. ತಲೆಮಾರುಗಳ ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಎರಡು ಹಸ್ತಪ್ರತಿಗಳಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು ಮತ್ತೆ ಮತ್ತೆ ಕಂಡರೆ ಎರಡಕ್ಕೂ ಮೂಲಪ್ರತಿ ಒಂದೇ ಎಂದು ನಮ್ಮ ಗ್ರಂಥಸಂಪಾದಕರು ಹೇಳುವುದಿಲ್ಲವೆ? ಲೆಕ್ಕ ಹಾಗೆಯೇ.

1996ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸೆನ್‌ಬ್ಲಾಡ್ ಮತ್ತು ಬಿರ್ಗಿಟ್ಟಾ ಬ್ರೆಮರ್ ಈ ಜೀನನ್ನು ಎರಡೂ ಕುಟುಂಬಗಳ ಗಿಡಗಳಲ್ಲಿ ಓದಿ ವಂಶವೃಕ್ಷ ಬರೆದರು. ಎಕ್ಕದ ಕುಟುಂಬ ಪಕ್ಕದಲ್ಲಿ ನಿಂತ ಬೇರೆ ಮರವಾಗಿರಲಿಲ್ಲ. ಅಪೋಸೈನೇಸಿಯ ಮರದ ಒಳಗೇ, ಕಣಗಿಲೆಯ ಬಳಗ ಇರುವ ಭಾಗದಿಂದಲೇ ಹೊರಟ ಒಂದು ಕೊಂಬೆಯಾಗಿತ್ತು. ಲಿನೇಯಸ್‌ನ ನಾಡಿನವರೇ ಲಿನೇಯಸ್‌ನ 'ತಿರುಚಿದವು'ಗಳನ್ನು ಮತ್ತೆ ಒಟ್ಟುಗೂಡಿಸಿದ್ದು ನನಗಂತೂ ಖುಷಿಯ ಸಂಗತಿ. 1998ರಲ್ಲಿ ಅಂತರರಾಷ್ಟ್ರೀಯ ಸಸ್ಯವಿಜ್ಞಾನಿಗಳ ತಂಡವೊಂದು ಹೂಬಿಡುವ ಸಸ್ಯಕುಟುಂಬಗಳ ಹೊಸ ಪಟ್ಟಿ ಹೊರಡಿಸಿದಾಗ ಆಸ್ಕ್ಲಿಪಿಯಡೇಸಿ ಅದರಲ್ಲಿ ಸ್ವತಂತ್ರವಾಗಿ ಇರಲಿಲ್ಲ. 2000ದಲ್ಲಿ ಮೇರಿ ಎಂಡ್ರೆಸ್ ಮತ್ತು ಪೀಟರ್ ಬ್ರಯನ್ಸ್ ಕೂಡಿದ ಮನೆಯ ಒಳಗಿನ ಕೋಣೆಗಳನ್ನು ಐದು ಉಪಕುಟುಂಬಗಳಾಗಿ ವಿಂಗಡಿಸಿದರು. ಒಂದರಲ್ಲಿ ನಿತ್ಯಪುಷ್ಪ-ಸರ್ಪಗಂಧಗಳು, ಒಂದರಲ್ಲಿ ಕಣಗಿಲೆ, ಒಂದರಲ್ಲಿ ಮಾಗಳಿ-ಸೊಗದೆಗಳು, ಒಂದರಲ್ಲಿ ಸೆಕಾಮೋನ್ ಎಂಬ ಬಳ್ಳಿಯ ಬಳಗ, ಕೊನೆಯದರಲ್ಲಿ ಎಕ್ಕ. ಕೂಡಿದ ಕುಟುಂಬಕ್ಕೆ ಹಿರಿಯ ಹೆಸರೇ ನಿಂತಿತು, 1789ರ ಅಪೋಸೈನೇಸಿ. ಇಂದು ಅದರಲ್ಲಿ 350ಕ್ಕೂ ಹೆಚ್ಚು ಕುಲಗಳು, 5,000ಕ್ಕೂ ಹೆಚ್ಚು ಪ್ರಭೇದಗಳು.

ಆ 2000ದ ಆಸುಪಾಸಿನಲ್ಲೇ ನಾನು ಕಾಲೇಜಿನಲ್ಲಿ ಬೆಂಥಾಮ್-ಹೂಕರ್ ಪ್ರಕಾರ 'ಅಪೋಸೈನೇಸಿಗೂ ಆಸ್ಕ್ಲಿಪಿಯಡೇಸಿಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ಉತ್ತರ ಉರುಹಾಕುತ್ತಿದ್ದೆ. ಹಳೆಯ ಪುಸ್ತಕದಲ್ಲಿ ನಿಮಗೂ ಆ ಪ್ರಶ್ನೆ ಸಿಗಬಹುದು. ಅಲ್ಲಿ ಕೊಟ್ಟ ವ್ಯತ್ಯಾಸಗಳೆಲ್ಲ ನಿಜವೇ. ಕುಟುಂಬದ ಹೆಸರು ಮಾತ್ರ ಬದಲಾಗಿದೆ ಎಂದು ತಿಳಿದು ಓದಿ, ಸಾಕು.

ಮನೆಯೊಳಗಿನ ಗೋಡೆಗಳ ಕೆಲಸ ಇನ್ನೂ ಮುಗಿದಿಲ್ಲ. ನಿತ್ಯಪುಷ್ಪದ ಉಪಕುಟುಂಬಕ್ಕೂ ಕಣಗಿಲೆಯ ಉಪಕುಟುಂಬಕ್ಕೂ ಬ್ರೌನ್ ಕಾಲದ ರೋಗವೇ ಇದೆ, ಅವೂ 'ಉಳಿದವರ' ಗುಂಪುಗಳೇ. ಮಾಗಳಿಯ ವಿಷಯದಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಪುಡಿಗೂ ಪೊಟ್ಟಣಕ್ಕೂ ನಡುವಿನ ಸೌಟು ಇರುವುದರಿಂದ ಅದು ಎಕ್ಕದ ಹಿಂದಿನ ಮೆಟ್ಟಿಲು ಎಂದು ಎಲ್ಲರೂ ನಂಬಿದ್ದರು. ಒಂದು ಜೀನಿನ ಬದಲು ಕ್ಲೋರೋಪ್ಲಾಸ್ಟಿನ ಇಡೀ ಡಿ.ಎನ್.ಎ.ಯನ್ನೇ ಓದಿದ 2014ರ ಮತ್ತು 2018ರ ಅಧ್ಯಯನಗಳಲ್ಲಿ ಮಾಗಳಿಯ ಬಳಗ ಎಕ್ಕದ ಪಕ್ಕದಲ್ಲಿ ನಿಲ್ಲಲಿಲ್ಲ. ಕಣಗಿಲೆಯ ಕಡೆಯ ಕೊಂಬೆಗಳ ನಡುವೆ ಬೇರೊಂದು ಕಡೆಯಿಂದ ಹೊರಟಿತ್ತು. ಎಂದರೆ ಪರಾಗವನ್ನು ಒಟ್ಟುಗೂಡಿಸಿ ಸಾಗಿಸುವ ಉಪಾಯ ಈ ಒಂದೇ ಕುಟುಂಬದೊಳಗೆ ಎರಡು ಸಲ ಹುಟ್ಟಿರುವ ಸಾಧ್ಯತೆ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಷ್ಟೇ ಬೆಳೆಯುವ ಮಾಗಳಿಯನ್ನು ಬೇರಿಗಾಗಿ ಅಗೆದರೆ ಬಳ್ಳಿ ಉಳಿಯುವುದು ಕಷ್ಟ. ಕಾಡಿನಲ್ಲಿ ಅದು ಈಗ ಅಪರೂಪವಾಗುತ್ತಿದೆ. ಈ ಪ್ರಶ್ನೆಯ ಉತ್ತರಕ್ಕೆ ಬೇಕಾದ ಹೂಗಳೂ ಆ ಬಳ್ಳಿಯ ಮೇಲೆಯೇ ಇವೆ.

ಎಕ್ಕಕ್ಕೆ ಆ ಕೊರತೆಯಿಲ್ಲ. ಒಂದು ಗುಂಡುಸೂಜಿ, ಸಾಧ್ಯವಾದರೆ ಒಂದು ಭೂತಗನ್ನಡಿ ತೆಗೆದುಕೊಂಡು ಹೊರಡಿ. ಸೊನೆ ಕಣ್ಣಿಗೆ ತಾಗಿದರೆ ಬಹಳ ಅಪಾಯ. ಗಿಡ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವವರೆಗೆ ಮುಖದ ಬಳಿ ಒಯ್ಯಬೇಡಿ. ಚಿಕ್ಕ ತಂಗಿ-ತಮ್ಮಂದಿರನ್ನು ಈ ಪ್ರಯೋಗಕ್ಕೆ ಸೇರಿಸಿಕೊಳ್ಳಬೇಡಿ. ಹೂವಿನ ಐದು ಮೂಲೆಗಳಲ್ಲೂ ಚುಕ್ಕೆ ಇದೆಯೇ ಎಂದು ಮೊದಲು ಎಣಿಸಿ, ಆಮೇಲೆ ಸೂಜಿ ಹಾಕಿ. ಐದರ ಬದಲು ಮೂರೋ ನಾಲ್ಕೋ ಇದ್ದರೆ ನಿಮಗಿಂತ ಮೊದಲು ದುಂಬಿ ಬಂದು ಹೋಗಿದೆ.